ಕೆಲಸ ಹೋದಾಗ ಇಎಸ್‌ಐ ನಿರುದ್ಯೋಗ ಪರಿಹಾರ: ಅರ್ಜಿ, ದಾಖಲೆ ಮತ್ತು ಅವಧಿ ವಿಸ್ತರಣೆ

ಕಾರ್ಖಾನೆಗೆ ಆರ್ಡರ್ ಕಡಿಮೆಯಾದಾಗ ಮೊದಲು ಓವರ್‌ಟೈಮ್ ನಿಲ್ಲುತ್ತದೆ, ಆಮೇಲೆ ಕಾಂಟ್ರಾಕ್ಟ್ ಕಾರ್ಮಿಕರನ್ನು ಕಳಿಸುತ್ತಾರೆ, ಕೊನೆಗೆ ಕಾಯಂ ನೌಕರರ ಸರದಿ ಬರುತ್ತದೆ. ಪೀಣ್ಯದಲ್ಲಾಗಲಿ, ಬೊಮ್ಮಸಂದ್ರದಲ್ಲಾಗಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಾಗಲಿ ಹೀಗೆ ಹೊರಬಿದ್ದ ಅನೇಕರು, ತಮ್ಮ ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿಯುತ್ತಿದ್ದ ಇಎಸ್‌ಐ ಹಣ ಆಸ್ಪತ್ರೆಗೆ ಮಾತ್ರ ಎಂದು ತಿಳಿದಿರುತ್ತಾರೆ. ಅದೇ ವಂತಿಗೆಯ ಆಧಾರದ ಮೇಲೆ ನಿರುದ್ಯೋಗ ಪರಿಹಾರವೂ ಸಿಗುತ್ತದೆ. ಆದರೆ ಅದು ಎಷ್ಟು ಕಾಲ ಸಿಗುತ್ತದೆ ಎಂಬುದು ನೀವು ಕಾರ್ಖಾನೆಯಿಂದ ಹೊರಬಂದದ್ದನ್ನು ಕಾಗದದಲ್ಲಿ ಏನೆಂದು ಬರೆದಿದ್ದಾರೆ ಎಂಬುದರ ಮೇಲೆ ನಿಂತಿದೆ. ಒಂದು ರೀತಿ ಬರೆದರೆ ಎರಡು ವರ್ಷ, ಇನ್ನೊಂದು ರೀತಿ ಬರೆದರೆ ಮೂರು ತಿಂಗಳು, ಮತ್ತೊಂದು ರೀತಿ ಬರೆದರೆ ಏನೂ ಇಲ್ಲ. ಆದ್ದರಿಂದ ಈ ಬರಹ ಅರ್ಜಿ ನಮೂನೆಗಿಂತ ಮುಂಚೆ ಆ ಕಾಗದದಿಂದಲೇ ಆರಂಭವಾಗುತ್ತದೆ.

ಎರಡು ಯೋಜನೆಗಳು, ಎರಡು ಅವಧಿಗಳು

ನೌಕರರ ರಾಜ್ಯ ವಿಮಾ ನಿಗಮ, ಅಂದರೆ ಇಎಸ್‌ಐಸಿ, ಎರಡು ಬೇರೆ ಬೇರೆ ನಿರುದ್ಯೋಗ ಯೋಜನೆಗಳನ್ನು ನಡೆಸುತ್ತದೆ. 2005ರ ಏಪ್ರಿಲ್ 1ರಂದು ಆರಂಭವಾದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಮೊದಲನೆಯದು. ಕಾರ್ಖಾನೆ ಮುಚ್ಚಿದ್ದರಿಂದ ಅಥವಾ ಹೆಚ್ಚುವರಿ ನೌಕರರೆಂದು ಕಾನೂನುಬದ್ಧವಾಗಿ ತೆಗೆದದ್ದರಿಂದ, ಅಂದರೆ ರಿಟ್ರೆಂಚ್‌ಮೆಂಟ್‌ನಿಂದ ಕೆಲಸ ಹೋದವರಿಗೆ ಇದು ಅನ್ವಯಿಸುತ್ತದೆ. ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಕನಿಷ್ಠ ಶೇ. 40ರಷ್ಟು ಶಾಶ್ವತ ಅಂಗವೈಕಲ್ಯ ಬಂದು ಕೆಲಸ ಕಳೆದುಕೊಂಡವರೂ ಇದರ ವ್ಯಾಪ್ತಿಗೆ ಬರುತ್ತಾರೆ. ಇಲ್ಲಿ ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಶೇ. 50, ನಂತರದ 12 ತಿಂಗಳು ಶೇ. 25, ಹೀಗೆ ಒಟ್ಟು 24 ತಿಂಗಳು ಭತ್ಯೆ ಸಿಗುತ್ತದೆ. ಆ ಅವಧಿಯಲ್ಲಿ ವಿಮಾದಾರರಿಗೂ ಕುಟುಂಬಕ್ಕೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಹೊಸ ಕಸುಬು ಕಲಿಯುವ ತರಬೇತಿಯ ಶುಲ್ಕವನ್ನು ನಿಗಮವೇ ಭರಿಸಲು ಸಹ ಅವಕಾಶವಿದೆ.

ಎರಡನೆಯದು 2018ರ ಜುಲೈ 1ರಿಂದ ನಡೆಯುತ್ತಿರುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಇದರ ಬಾಗಿಲು ಇನ್ನಷ್ಟು ಅಗಲವಾಗಿದೆ: ಕಾರ್ಖಾನೆ ಮುಚ್ಚಬೇಕೆಂದೇನೂ ಇಲ್ಲ, ದುರ್ನಡತೆ, ವಯೋನಿವೃತ್ತಿ, ಸ್ವಯಂನಿವೃತ್ತಿ ಇವುಗಳನ್ನು ಬಿಟ್ಟು ಬೇರೆ ಕಾರಣಕ್ಕೆ ನಿರುದ್ಯೋಗಿಯಾದರೆ ಸಾಕು. ಆದರೆ ಇಲ್ಲಿ ಸಿಗುವುದು ಜೀವಮಾನದಲ್ಲಿ ಗರಿಷ್ಠ 90 ದಿನಗಳ ಪರಿಹಾರ ಮಾತ್ರ. ಒಂದೇ ಅವಧಿಗೆ ಎರಡೂ ಯೋಜನೆಗಳ ಹಣ ಪಡೆಯಲು ಬರುವುದಿಲ್ಲ.

ಈ ವ್ಯತ್ಯಾಸ ಕೈಗೆ ಎಷ್ಟು ಹಣ ತರುತ್ತದೆ ಎಂದು ನೋಡಿ. ತಿಂಗಳಿಗೆ ₹15,000 ಸಂಬಳವಿದ್ದ ಒಬ್ಬರು ಎರಡು ವರ್ಷ ಒಂದು ದಿನವೂ ತಪ್ಪದೆ ದುಡಿದಿದ್ದಾರೆ ಎಂದುಕೊಳ್ಳೋಣ. ಅಟಲ್ ಯೋಜನೆಯಲ್ಲಿ ಹಿಂದಿನ ನಾಲ್ಕು ವಂತಿಗೆ ಅವಧಿಗಳ (ಒಂದೊಂದೂ ಆರು ತಿಂಗಳು) ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ಸರಾಸರಿ ದಿನಗಳಿಕೆ ತೆಗೆಯುತ್ತಾರೆ. ₹3,60,000ವನ್ನು 730ರಿಂದ ಭಾಗಿಸಿದರೆ ₹493, ಪರಿಹಾರವಾಗಿ ಸಿಗುವ ಅದರ ಅರ್ಧ ಸುಮಾರು ₹246.50, 90 ದಿನಕ್ಕೆ ಸುಮಾರು ₹22,190 ಆಗುತ್ತದೆ. ಇದೇ ವ್ಯಕ್ತಿ ರಾಜೀವ್ ಗಾಂಧಿ ಯೋಜನೆಗೆ ಅರ್ಹರಾದರೆ, ಸ್ಥೂಲವಾಗಿ ಲೆಕ್ಕ ಹಾಕಿದರೂ ಮೊದಲ ವರ್ಷ ₹90,000, ಎರಡನೆಯ ವರ್ಷ ₹45,000. ಒಂದು ಸಹಿಯ ವ್ಯತ್ಯಾಸಕ್ಕೆ ಲಕ್ಷ ರೂಪಾಯಿಗೂ ಹೆಚ್ಚು ಬೆಲೆ ಇದೆ ಎಂಬುದು ನೌಕರರಿಗೆ ಗೊತ್ತಿರಬೇಕು ಎನ್ನುವುದೇ ನಾನು ಇದನ್ನು ಬರೆಯಲು ಮುಖ್ಯ ಕಾರಣ.

ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಆರ್ಥಿಕ ಹಿಂಜರಿತದ ದಿನಗಳಲ್ಲಿ ಆಡಳಿತ ಮಂಡಳಿಗಳು ನೌಕರರನ್ನು ತೆಗೆಯುತ್ತೇವೆ ಎಂದು ಬರೆದುಕೊಡುವುದಕ್ಕಿಂತ ರಾಜೀನಾಮೆ ಬರೆಸಿಕೊಳ್ಳುವುದನ್ನೇ ಬಯಸುತ್ತವೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಘಟಕವೊಂದು ಬಾಗಿಲು ಹಾಕಲು ಹೊರಟಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರು ಬಹಳ ದಿನ ಗೇಟಿನಲ್ಲೇ ಧರಣಿ ಕೂತದ್ದು ಸಂಬಳಕ್ಕಾಗಿ ಮಾತ್ರವಲ್ಲ, ತಮ್ಮನ್ನು ಯಾವ ರೀತಿ ಹೊರಗೆ ಕಳಿಸಲಾಗುತ್ತಿದೆ ಎಂಬ ಪ್ರಶ್ನೆಗಾಗಿಯೂ ಹೌದು.

"ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಎಂಬ ಒಂದು ಸಾಲು ರಾಜೀವ್ ಗಾಂಧಿ ಯೋಜನೆಯ ಬಾಗಿಲನ್ನು ಮುಚ್ಚುತ್ತದೆ, ಅಟಲ್ ಯೋಜನೆಯಲ್ಲೂ ನಿಮ್ಮನ್ನು ಪ್ರಶ್ನೆಗಳಿಗೆ ಒಡ್ಡುತ್ತದೆ. ವರ್ಷಕ್ಕೂ ಮೇಲ್ಪಟ್ಟು ನಿರಂತರವಾಗಿ ದುಡಿದ ಕಾರ್ಮಿಕರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ದುಡಿದ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂಬ ನಿಯಮ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ತೆಗೆದುಹಾಕಿದ ಕಾರ್ಮಿಕನ ಖಾತೆಗೆ ಹೊಸ ಕೌಶಲ ಕಲಿಯಲು ನೆರವಾಗುವ ಮರುಕೌಶಲ ನಿಧಿಯಿಂದ 15 ದಿನಗಳ ಕೊನೆಯ ವೇತನಕ್ಕೆ ಸಮನಾದ ಮೊತ್ತವನ್ನು 45 ದಿನಗಳೊಳಗೆ ಹಾಕಬೇಕೆಂಬುದು ಈ ಸಂಹಿತೆ ಹೊಸದಾಗಿ ಸೇರಿಸಿದ ಅಂಶ. ರಾಜೀನಾಮೆ ಕೊಟ್ಟವರಿಗೆ ಇವು ಯಾವುವೂ ಸಲ್ಲುವುದಿಲ್ಲ. ಎಚ್‌ಆರ್ ಕೋಣೆಯಲ್ಲಿ ಇಂದೇ ಸಹಿ ಹಾಕಿದರೆ ಸೆಟ್ಲ್‌ಮೆಂಟ್ ಬೇಗ ಆಗುತ್ತದೆ ಎಂದು ಹೇಳಿದರೆ, ಪತ್ರದ ಪ್ರತಿಯನ್ನು ಮನೆಗೆ ಒಯ್ದು ಓದಿ ಬರುತ್ತೇನೆ ಎಂದು ಹೇಳುವ ಹಕ್ಕು ನಿಮಗಿದೆ. ಒತ್ತಾಯದಿಂದ ಸಹಿ ಹಾಕಬೇಕಾಗಿ ಬಂದಿದ್ದರೆ, ಕೂಡಲೇ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ಪ್ರತಿಯನ್ನು ಇಟ್ಟುಕೊಳ್ಳಿ. ಮುಂದೆ ಇಎಸ್‌ಐ ಕಚೇರಿಯಲ್ಲಿ ಆ ಮುದ್ರೆ ಬಿದ್ದ ಹಾಳೆಯೇ ನಿಮ್ಮ ಪರವಾಗಿ ಮಾತಾಡುತ್ತದೆ.

ಕಂಪನಿ ಸಲ್ಲಿಸುವ ಲೆಕ್ಕದಲ್ಲಿರುವ ಆ ಒಂದು ಅಂಕಿ

ಪ್ರತಿ ತಿಂಗಳ ಇಎಸ್‌ಐ ವಂತಿಗೆಯ ಲೆಕ್ಕವನ್ನು ಮಾಲೀಕರು ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಆ ಹಾಳೆಯಲ್ಲಿ ಪ್ರತಿಯೊಬ್ಬ ನೌಕರನ ಐಪಿ ನಂಬರ್ (ಇಎಸ್‌ಐ ವಿಮಾ ಸಂಖ್ಯೆ), ಹೆಸರು, ಸಂಬಳ ಪಡೆದ ದಿನಗಳು, ಆ ತಿಂಗಳ ವೇತನ ಇವುಗಳ ಪಕ್ಕದಲ್ಲಿ, ದಿನಗಳು ಸೊನ್ನೆಯಾಗಿದ್ದರೆ ಅದಕ್ಕೆ ಕಾರಣ ಸೂಚಿಸುವ ಒಂದು ಸಂಕೇತ ಸಂಖ್ಯೆ ಮತ್ತು ಕೊನೆಯ ಕೆಲಸದ ದಿನ ಎಂಬ ಎರಡು ಅಂಕಣಗಳಿವೆ. ಸಂಖ್ಯೆ 1 ರಜೆ, 2 ಕೆಲಸ ಬಿಟ್ಟಿದ್ದಾರೆ, 3 ನಿವೃತ್ತಿ, 4 ವ್ಯಾಪ್ತಿಯಿಂದ ಹೊರಗೆ, 9 ಮುಷ್ಕರ ಅಥವಾ ಲಾಕೌಟ್, 10 ರಿಟ್ರೆಂಚ್‌ಮೆಂಟ್, 11 ಕೆಲಸವಿಲ್ಲ ಎಂದರ್ಥ.

ಲೆಕ್ಕ ಬರೆಯುವ ಗುಮಾಸ್ತರು ಹೊರಗೆ ಹೋದವರೆಲ್ಲರಿಗೂ 2 ಎಂದು ತುಂಬಿಬಿಡುವುದು ರೂಢಿ. ಇದರಲ್ಲಿ ಯಾವಾಗಲೂ ಕೆಟ್ಟ ಉದ್ದೇಶ ಇರುತ್ತದೆ ಎಂದೇನಲ್ಲ. ಆದರೆ ರಿಟ್ರೆಂಚ್‌ಮೆಂಟ್ ಆದವರ ಹೆಸರಿನ ಮುಂದೆ 10 ಇರಬೇಕಾದ ಕಡೆ 2 ಇದ್ದರೆ, ನಿಮ್ಮ ಬಳಿಯಿರುವ ನೋಟಿಸ್ ಒಂದು ಕಥೆ ಹೇಳುತ್ತದೆ, ನಿಗಮದ ಕಂಪ್ಯೂಟರ್ ಇನ್ನೊಂದು ಕಥೆ ಹೇಳುತ್ತದೆ. ಇನ್ನೂ ಸಾಮಾನ್ಯವಾದ ತೊಂದರೆ ಕೊನೆಯ ಕೆಲಸದ ದಿನವನ್ನು ತುಂಬದೇ ಬಿಡುವುದು ಅಥವಾ ತಿಂಗಳುಗಟ್ಟಲೆ 11 ಎಂದೇ ತೋರಿಸುತ್ತ ಹೋಗುವುದು. ಹಾಗಾದಾಗ ದಾಖಲೆಯ ಪ್ರಕಾರ ನೀವು ಇನ್ನೂ ಕಾರ್ಖಾನೆಯ ನೌಕರರೇ ಆಗಿರುತ್ತೀರಿ, ಆದ್ದರಿಂದ ನಿರುದ್ಯೋಗ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ.

ಹಾಗಾಗಿ ಕೆಲಸ ಹೋದ ತಿಂಗಳ ಮುಂದಿನ 15ನೇ ತಾರೀಕಿಗೂ ಮೊದಲೇ, ನಿಮ್ಮ ಕೊನೆಯ ಕೆಲಸದ ದಿನ ಇಂಥದ್ದು, ಕಾರಣ ಇಂಥದ್ದು ಎಂದು ನಮೂದಿಸುವಂತೆ ಎಚ್‌ಆರ್‌ಗೆ ಒಂದು ಇಮೇಲ್ ಕಳಿಸಿ ಅಥವಾ ಪತ್ರ ಕೊಟ್ಟು ಸಹಿ ಪಡೆಯಿರಿ. ಕಾಂಟ್ರಾಕ್ಟರ್ ಮೂಲಕ ಕೆಲಸ ಮಾಡುತ್ತಿದ್ದವರು ಕಾರ್ಖಾನೆಯ ಎಚ್‌ಆರ್‌ಗೆ ಅಲ್ಲ, ತಮ್ಮ ಪೇ ಸ್ಲಿಪ್‌ನಲ್ಲಿ ಯಾರ ಇಎಸ್‌ಐ ಕೋಡ್ ಇದೆಯೋ ಅವರಿಗೆ ಕೊಡಬೇಕು.

ಅರ್ಹತೆಯ ಲೆಕ್ಕ

ಅಟಲ್ ಯೋಜನೆಗೆ ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ವಿಮೆಯುಳ್ಳ ಉದ್ಯೋಗದಲ್ಲಿ ಇದ್ದಿರಬೇಕು. ವಂತಿಗೆ ಅವಧಿಗಳು ವರ್ಷಕ್ಕೆ ಎರಡು: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ನಿರುದ್ಯೋಗಕ್ಕೆ ತಕ್ಷಣ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ಇರಬೇಕು. ಉದಾಹರಣೆಗೆ 2026ರ ಫೆಬ್ರವರಿಯಲ್ಲಿ ಕೆಲಸ ಹೋಗಿದ್ದರೆ, ಮೊದಲು ನೋಡಬೇಕಾದದ್ದು 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳು. ಅಲ್ಲಿ 78 ದಿನ ಸಿಕ್ಕರೆ, 2023ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಮೂರು ಅವಧಿಗಳಲ್ಲಿ ಇನ್ನೊಂದು 78 ಹುಡುಕಬೇಕು. ಇದನ್ನು ಊಹಿಸಬೇಕಾಗಿಲ್ಲ. ಇಎಸ್‌ಐಸಿ ಜಾಲತಾಣದಲ್ಲಿ ವಿಮಾದಾರರ ಲಾಗಿನ್ ಮೂಲಕ ಹೋಗಿ ಹತ್ತು ಅಂಕಿಗಳ ಐಪಿ ನಂಬರ್ ಹಾಕಿದರೆ, ಅಥವಾ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನೋಡಿದರೆ, ನಿಮ್ಮ ವಂತಿಗೆಯ ಇತಿಹಾಸ ತೆರೆದುಕೊಳ್ಳುತ್ತದೆ. ಅದನ್ನು ಪೇ ಸ್ಲಿಪ್‌ಗಳ ಜೊತೆ ತಾಳೆ ನೋಡಿ. ಸಂಬಳದಲ್ಲಿ ಶೇ. 0.75 ಕಡಿತವಾಗಿದ್ದು ಇಲ್ಲಿ ಆ ತಿಂಗಳೇ ಕಾಣದಿದ್ದರೆ, ಮಾಲೀಕರು ಹಿಡಿದ ಹಣವನ್ನು ಕಟ್ಟಿಲ್ಲ ಎಂದರ್ಥ. ಅದು ನೇರವಾಗಿ ದೂರು ಕೊಡಬೇಕಾದ ವಿಷಯ.

ತಿಂಗಳ ವೇತನ ₹21,000 ದಾಟಿದವರು ಹೆಚ್ಚು ಎಚ್ಚರದಿಂದ ಇರಬೇಕು. ವಂತಿಗೆ ಅವಧಿಯ ನಡುವೆ ಸಂಬಳ ಏರಿದರೂ ಆ ಅವಧಿ ಮುಗಿಯುವವರೆಗೆ ವಿಮೆ ಮುಂದುವರಿಯುತ್ತದೆ, ಆಮೇಲೆ ವ್ಯಾಪ್ತಿಯಿಂದ ಹೊರಗೆ ಹೋಗುತ್ತೀರಿ. ವರ್ಷದ ಹಿಂದೆ ಇನ್‌ಕ್ರಿಮೆಂಟ್ ಸಿಕ್ಕು ಹೊರಗೆ ಹೋಗಿದ್ದವರಿಗೆ ಈಗ ಕೆಲಸ ಹೋದರೆ ತಕ್ಷಣ ಹಿಂದಿನ ಅವಧಿಯಲ್ಲಿ ವಂತಿಗೆಯೇ ಇರುವುದಿಲ್ಲ. ಈ ಮಿತಿ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಅಂದಿನಿಂದ ಇಂದಿನವರೆಗೆ ಬೆಂಗಳೂರಿನ ಮನೆ ಬಾಡಿಗೆ, ಬಸ್ ಚಾರ್ಜು ಏರಿದ್ದನ್ನು ಕಂಡವರಿಗೆ ಮಿತಿಯನ್ನು ಏರಿಸಬೇಕೆಂಬ ಬೇಡಿಕೆಯ ನ್ಯಾಯ ವಿವರಿಸಬೇಕಾಗಿಲ್ಲ.

ಪದವಿ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಗೂ ಇದಕ್ಕೂ ಸಂಬಂಧವಿಲ್ಲ. ಅದು ಇದ್ದ ಕೆಲಸ ಕಳೆದುಕೊಂಡವರಿಗಾಗಿ ಮಾಡಿದ ಯೋಜನೆಯಲ್ಲ.

ಅರ್ಜಿ ಸಲ್ಲಿಸುವ ಕ್ರಮ

ಪರಿಹಾರ ಸಲ್ಲುವುದು ಕೆಲಸವಿಲ್ಲದೆ 30 ದಿನ ಕಳೆದ ಮೇಲೆ. ಮುಂದಿನ ತಿಂಗಳಿಗೆಂದು ಮುಂಗಡವಾಗಿ ಕೇಳಲು ಬರುವುದಿಲ್ಲ, ಕಳೆದುಹೋದ ದಿನಗಳಿಗೆ ಮಾತ್ರ ಕೇಳಬಹುದು. ನಿರುದ್ಯೋಗಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ಹೊಸ ಕೆಲಸ ಹುಡುಕುವ ಗಡಿಬಿಡಿಯಲ್ಲಿ, ಊರಿಗೆ ಹೋಗಿ ಬರುವ ಓಡಾಟದಲ್ಲಿ ಈ ಒಂದು ವರ್ಷ ಗೊತ್ತಾಗದಂತೆ ಕಳೆದುಹೋಗುತ್ತದೆ. ಹಾಗಾಗಿ ಮೊದಲ 30 ದಿನವನ್ನು ದಾಖಲೆ ಸರಿಪಡಿಸಿಕೊಳ್ಳಲು ಬಳಸಿ, 31ನೇ ದಿನ ಅರ್ಜಿ ಹಾಕುವುದು ಒಳ್ಳೆಯದು.

ಸರಿಪಡಿಸಿಕೊಳ್ಳಬೇಕಾದದ್ದು ಮುಖ್ಯವಾಗಿ ಹೆಸರು ಮತ್ತು ಬ್ಯಾಂಕ್ ಖಾತೆ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರುತ್ತದೆ. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ ಎಂದಿರುವವರು ಕಾರ್ಖಾನೆಯ ದಾಖಲೆಯಲ್ಲಿ ಲಕ್ಷ್ಮಮ್ಮ ಆಗಿರುತ್ತಾರೆ, ಮದುವೆಯ ನಂತರ ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ. ಆಧಾರ್, ಇಎಸ್‌ಐ, ಬ್ಯಾಂಕ್ ಈ ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಆಗಿರುವಂತೆ ನೋಡಿಕೊಳ್ಳಿ, ಆಧಾರ್ ನಿಮ್ಮ ಐಪಿ ನಂಬರಿಗೆ ಜೋಡಣೆಯಾಗಿರಬೇಕು. ಬ್ಯಾಂಕ್ ವಿಷಯದಲ್ಲಿ ಕರ್ನಾಟಕದವರಿಗೆ ವಿಶೇಷ ತೊಂದರೆಯೊಂದಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕ್ ಜೊತೆ ವಿಲೀನವಾದವು. ಹಳೆಯ ಪಾಸ್‌ಬುಕ್ ತೋರಿಸಿ ಇಎಸ್‌ಐಗೆ ಸೇರಿದ್ದವರ ದಾಖಲೆಯಲ್ಲಿ ಹಳೆಯ ಐಎಫ್‌ಎಸ್‌ಸಿ ಕೋಡೇ ಉಳಿದಿರಬಹುದು. ಈಗಿನ ಪಾಸ್‌ಬುಕ್‌ನ ಮೊದಲ ಪುಟ ಅಥವಾ ರದ್ದುಪಡಿಸಿದ ಚೆಕ್ ಕೊಟ್ಟು ಅದನ್ನು ಬದಲಿಸಿಕೊಳ್ಳಿ.

ನಂತರ ವಿಮಾದಾರರ ಲಾಗಿನ್‌ನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಅರ್ಜಿ ತೆರೆದು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಕೆಲಸವಿರಲಿಲ್ಲ ಎಂದು ತುಂಬಿ, ಆಧಾರ್ ಮತ್ತು ಬ್ಯಾಂಕ್ ವಿವರಗಳ ಸ್ಕ್ಯಾನ್ ಪ್ರತಿಗಳನ್ನು ಸೇರಿಸಿ ಸಲ್ಲಿಸಬೇಕು. ಮೊದಲು ಈ ಅರ್ಜಿಯನ್ನು ಛಾಪಾ ಕಾಗದದ ಮೇಲೆ ಪ್ರಮಾಣಪತ್ರದ ರೂಪದಲ್ಲಿ ಕೊಡಬೇಕಾಗಿತ್ತು. 2020ರ ನವೆಂಬರ್‌ನಲ್ಲಿ ಆ ಷರತ್ತನ್ನು ತೆಗೆದುಹಾಕಲಾಯಿತು. ದಾಖಲೆಗಳನ್ನು ಆನ್‌ಲೈನ್‌ನಲ್ಲೇ ಸೇರಿಸಿದವರು ಕಾಗದದ ಅರ್ಜಿಯನ್ನು ಕೊಡಬೇಕಾಗಿಲ್ಲ, ಸೇರಿಸಲು ಆಗದವರು ಅರ್ಜಿಯನ್ನು ಪ್ರಿಂಟ್ ತೆಗೆದು ಸಹಿ ಮಾಡಿ ದಾಖಲೆಗಳೊಂದಿಗೆ ಇಎಸ್‌ಐಸಿಯ ಶಾಖಾ ಕಚೇರಿಗೆ ಕೊಡಬೇಕು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವವರು ಸೆಂಟರ್‌ನವರದ್ದಲ್ಲ, ತಮ್ಮದೇ ಮೊಬೈಲ್ ಸಂಖ್ಯೆ ನಮೂದಾಗಿದೆಯೇ ಎಂದು ನೋಡಿ, ಸ್ವೀಕೃತಿಯ ಪ್ರತಿಯನ್ನು ಕೇಳಿ ಪಡೆಯಬೇಕು.

ಶಾಖಾ ಕಚೇರಿಗೆ ಹೋಗುವಾಗ ಕೊನೆಯ ಮೂರು ನಾಲ್ಕು ಪೇ ಸ್ಲಿಪ್, ನೋಟಿಸ್ ಅಥವಾ ರಿಲೀವಿಂಗ್ ಪತ್ರ, ಎಚ್‌ಆರ್ ಜೊತೆ ನಡೆಸಿದ ಪತ್ರವ್ಯವಹಾರ, ಪಾಸ್‌ಬುಕ್, ಆಧಾರ್ ಇವುಗಳ ಮೂಲಪ್ರತಿ ಮತ್ತು ಜೆರಾಕ್ಸ್ ಒಯ್ಯಿರಿ. ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚಿದ ಪ್ರಕರಣವಾದರೆ, ಅರ್ಜಿಯನ್ನು ರಾಜೀವ್ ಗಾಂಧಿ ಯೋಜನೆಯಡಿಯೇ ಪರಿಗಣಿಸಬೇಕೆಂದು ಮೊದಲ ದಿನವೇ ಲಿಖಿತವಾಗಿ ಕೇಳಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬಾಯಿಮಾತಿನಲ್ಲಿ ಕೇಳಿ ಹಿಂತಿರುಗಬೇಡಿ, ಬರೆದುಕೊಡಲು ಹೇಳಿ. ಆ ಬರಹವಿದ್ದರೆ ಪ್ರತಿ ತಿಂಗಳು ನಡೆಯುವ ಸುವಿಧಾ ಸಮಾಗಮದ ಕುಂದುಕೊರತೆ ಸಭೆಯಲ್ಲಿ, ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್‌ನಲ್ಲಿ, ಕೊನೆಗೆ ಇಎಸ್‌ಐ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆರಂಭಿಕ ಮಾಹಿತಿಗೆ 1800-11-2526 ಎಂಬ ಶುಲ್ಕರಹಿತ ಸಂಖ್ಯೆ ಇದೆ.

ಅವಧಿ ವಿಸ್ತರಣೆ ಹೇಗೆ ಆಗುತ್ತದೆ, ಅದನ್ನು ಕೇಳುವುದು ಹೇಗೆ

ಅಟಲ್ ಯೋಜನೆ ಕಾಯಂ ಅಲ್ಲ ಎಂಬುದನ್ನು ಮರೆಯಬಾರದು. ಅದು ಎರಡು ವರ್ಷದ ಪ್ರಾಯೋಗಿಕ ಯೋಜನೆಯಾಗಿ ಆರಂಭವಾದಾಗ ಸಿಗುತ್ತಿದ್ದದ್ದು ಸರಾಸರಿ ಗಳಿಕೆಯ ಶೇ. 25 ಮಾತ್ರ, ಅದೂ ಮೂರು ತಿಂಗಳು ಕಾದ ಮೇಲೆ, ಅದೂ ಕೆಲಸದಿಂದ ತೆಗೆದ ಮಾಲೀಕರ ಮೂಲಕವೇ ಅರ್ಜಿ ಹೋದರೆ. ಲಾಕ್‌ಡೌನ್‌ನಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡ ಮೇಲೆ, 2020ರ ಆಗಸ್ಟ್ 20ರ ನಿಗಮದ ಸಭೆ ದರವನ್ನು ಶೇ. 50ಕ್ಕೆ ಏರಿಸಿತು, ಕಾಯುವ ಅವಧಿಯನ್ನು 30 ದಿನಕ್ಕೆ ಇಳಿಸಿತು, ಶಾಖಾ ಕಚೇರಿಗೆ ನೇರವಾಗಿ ಅರ್ಜಿ ಕೊಡಲು ಅವಕಾಶ ಮಾಡಿತು. 2020ರ ಮಾರ್ಚ್ 24ರಿಂದ ಕೆಲಸ ಕಳೆದುಕೊಂಡವರಿಗೆ ಅದು ಅನ್ವಯವಾಯಿತು, ಯೋಜನೆಯನ್ನು 2021ರ ಜೂನ್ 30ರವರೆಗೆ ಮುಂದುವರಿಸಲಾಯಿತು. ಅಲ್ಲಿಂದ 2022ರ ಜೂನ್, 2024ರ ಜೂನ್, ಮತ್ತೆ 2026ರ ಜೂನ್ 30 ಎಂದು ಹಂತ ಹಂತವಾಗಿ ಬೆಳೆಸಲಾಗಿದೆ. ಆ ದಿನಾಂಕದ ಆಚೆಗೆ ಕೆಲಸ ಕಳೆದುಕೊಂಡವರು ಅರ್ಜಿ ತುಂಬುವ ಮುನ್ನ ಜಾರಿಯಲ್ಲಿರುವ ಆದೇಶದ ಪ್ರತಿಯನ್ನು ಶಾಖಾ ಕಚೇರಿಯಲ್ಲಿ ಕೇಳಿ ನೋಡಬೇಕು.

ಅಮೆರಿಕದಲ್ಲಿ 1970ರ ಕಾನೂನೊಂದರ ಪ್ರಕಾರ, ರಾಜ್ಯದ ನಿರುದ್ಯೋಗ ಪ್ರಮಾಣ ನಿಗದಿತ ಮಟ್ಟ ದಾಟಿದರೆ ಸಾಮಾನ್ಯ ಪರಿಹಾರ ಮುಗಿದವರಿಗೆ 13 ಅಥವಾ 20 ವಾರಗಳ ಹೆಚ್ಚುವರಿ ಪರಿಹಾರ ತಾನಾಗಿಯೇ ಶುರುವಾಗುತ್ತದೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ನಿಗಮದ ಸಭೆ ಸೇರಬೇಕು, ನಿರ್ಣಯವಾಗಬೇಕು, ಆದೇಶ ಹೊರಡಬೇಕು. ಹಿಂಜರಿತ ಬಂದಾಗ ಜನ ಕೇಳುವವರೆಗೆ ಕಾಯದೆ ಅವಧಿ ತಾನೇ ಬೆಳೆಯುವ ನಿಯಮ ಇಲ್ಲಿಯೂ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಬರುವವರೆಗೆ ಕೇಳುವ ಕೆಲಸವನ್ನು ಕಾರ್ಮಿಕರೇ ಮಾಡಬೇಕಾಗಿದೆ.

ಕೇಂದ್ರ ಕಾರ್ಮಿಕ ಸಚಿವರ ಅಧ್ಯಕ್ಷತೆಯ ಈ ನಿಗಮದಲ್ಲಿ ಮಾಲೀಕರ, ನೌಕರರ ಹಾಗೂ ಪ್ರತಿ ರಾಜ್ಯ ಸರ್ಕಾರದ ಪ್ರತಿನಿಧಿಗಳು, ಜೊತೆಗೆ ಸಂಸತ್ ಸದಸ್ಯರು ಇರುತ್ತಾರೆ. ಆದ್ದರಿಂದ ಮನವಿಯನ್ನು ಪ್ರಾದೇಶಿಕ ನಿರ್ದೇಶಕರ ಮೂಲಕ ಮಹಾನಿರ್ದೇಶಕರಿಗೆ ಕಳಿಸಿ, ರಾಜ್ಯದ ಕಾರ್ಮಿಕ ಇಲಾಖೆಗೆ, ನಿಮ್ಮ ಕೇಂದ್ರ ಕಾರ್ಮಿಕ ಸಂಘಟನೆಗೆ, ಕ್ಷೇತ್ರದ ಸಂಸದರಿಗೆ ಪ್ರತಿ ಕೊಡುವುದು ಸರಿಯಾದ ದಾರಿ. ಬಡವರಿಗೆ ನೆರವಾಗಿ ಎಂದು ಬರೆದ ಮನವಿ ಕಡತದಲ್ಲೇ ಉಳಿಯುತ್ತದೆ. ಇಂಥ ಕೈಗಾರಿಕಾ ಪ್ರದೇಶದಲ್ಲಿ ಇಂಥ ತಿಂಗಳಿಂದ ಎಷ್ಟು ಘಟಕಗಳು ಮುಚ್ಚಿವೆ, ಎಷ್ಟು ವಿಮಾದಾರರು ಹೊರಗೆ ಬಂದಿದ್ದಾರೆ, ಅವರಲ್ಲಿ 90 ದಿನ ಮುಗಿಸಿಯೂ ಕೆಲಸ ಸಿಗದವರು ಎಷ್ಟು ಎಂಬ ಪಟ್ಟಿಯನ್ನು ಲಗತ್ತಿಸಿ, ಯೋಜನೆಯ ಕೊನೆಯ ದಿನಾಂಕ, 90 ದಿನದ ಮಿತಿ ಮತ್ತು ₹21,000 ವೇತನ ಮಿತಿ ಈ ಮೂರನ್ನೂ ಪ್ರತ್ಯೇಕ ಬೇಡಿಕೆಗಳಾಗಿ ಬರೆಯಿರಿ. ಹಿಂದಿನ ಹಲವು ವಿಸ್ತರಣೆಗಳು ಜೂನ್ 30ಕ್ಕೆ ಕೊನೆಗೊಂಡಿರುವುದರಿಂದ, ಮನವಿ ಆ ವರ್ಷದ ಫೆಬ್ರವರಿ, ಮಾರ್ಚ್‌ನಲ್ಲೇ ಹೋಗಿರಬೇಕು.

ಹೊಸ ಕೆಲಸ ಸಿಕ್ಕಾಗ

ಪರಿಹಾರ ಪಡೆಯುವ ನಡುವೆ ಕೆಲಸ ಸಿಕ್ಕರೆ ಸೇರಿದ ತಾರೀಕನ್ನು ಶಾಖಾ ಕಚೇರಿಗೆ ತಿಳಿಸಿ. ಮುಚ್ಚಿಟ್ಟು ಪಡೆದ ಹಣ ಸುಳ್ಳು ಹೇಳಿಕೆಯ ಪ್ರಕರಣವಾಗಿ ಮುಂದಿನ ಸೌಲಭ್ಯಗಳಿಗೂ ಅಡ್ಡಿಯಾಗಬಹುದು. ಹೊಸ ಮಾಲೀಕರು ಹೊಸ ಐಪಿ ನಂಬರ್ ತೆಗೆಯಲು ಹೊರಟರೆ ಒಪ್ಪದೆ, ಹಳೆಯ ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಚೀಟಿ) ತೋರಿಸಿ ಅದೇ ನಂಬರಿನಲ್ಲಿ ಮುಂದುವರಿಸಲು ಹೇಳಿ. ಎರಡು ನಂಬರ್ ಆದವರ ವಂತಿಗೆ ಎರಡು ಕಡೆ ಹಂಚಿಹೋಗಿ, ಮತ್ತೊಮ್ಮೆ ಕಷ್ಟ ಬಂದಾಗ ಎರಡು ವರ್ಷದ ಸೇವೆಯೂ 78 ದಿನಗಳ ಲೆಕ್ಕವೂ ಕೂಡಿ ಬರುವುದಿಲ್ಲ. ಈಗಾಗಲೇ ಎರಡು ನಂಬರ್ ಇರುವವರು ಆಧಾರ್ ಮತ್ತು ಎರಡೂ ಕಾರ್ಡ್‌ಗಳೊಂದಿಗೆ ಶಾಖಾ ಕಚೇರಿಗೆ ಹೋಗಿ, ಅವನ್ನು ಒಂದುಗೂಡಿಸಲು ಅರ್ಜಿ ಕೊಡಬೇಕು.